ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿ ಬಣ್ಣ ಸುರಿಯುವವರು ಯಾರಾದರೂ ಇದ್ದೀರಾ? ಕೀಳುವಾಗ ಹಾಳೆಯೇ ಕಿತ್ತು ಬರುತ್ತಿದೆ

ಆನೆಗುಂದಿ_ಬಂಡೆ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ವಾಟರ್ ಕಲರ್‌ನಲ್ಲಿ ಪೋರಿಂಗ್ ಮಾಡುವವರು ಈ ಗುಂಪಿನಲ್ಲಿ ಇದ್ದೀರಾ? ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬ್ರಷ್‌ನಲ್ಲಿ ಹಚ್ಚುವುದಿಲ್ಲ. ಬಟ್ಟಲಲ್ಲಿ ಬಣ್ಣ ತೆಳುವಾಗಿ ಕಲಸಿ, ಒದ್ದೆ ಹಾಳೆ ಮೇಲೆ ಸುರಿದು, ಹಲಗೆಯನ್ನು ಆ ಕಡೆ ಈ ಕಡೆ ವಾಲಿಸುವುದು. ಬಿಳಿ ಉಳಿಯಬೇಕಾದ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಫ್ಲೂಯಿಡ್ (ಒಣಗಿದರೆ ರಬ್ಬರ್ ಪೊರೆಯಾಗಿ ಬಣ್ಣ ತಡೆಯುವ ದ್ರವ) ಹಚ್ಚಿರಬೇಕು. ಮೊದಲ ಸುರಿತ ಒಣಗಿದ ಮೇಲೆ, ಆ ತೆಳು ಬಣ್ಣ ಎಲ್ಲಿ ಹಾಗೇ ಉಳಿಯಬೇಕೋ ಅಲ್ಲಿಗೆ ಮತ್ತೆ ಮಾಸ್ಕಿಂಗ್. ಆಮೇಲೆ ಇನ್ನೂ ಗಾಢ ಬಣ್ಣ. ಹೀಗೆ ಮೂರು ನಾಲ್ಕು ಪದರ. ಕೊನೆಗೆ ರಬ್ಬರ್ ಎಲ್ಲ ಒಟ್ಟಿಗೆ ಕಿತ್ತರೆ ಆಗ ಚಿತ್ರ ಕಾಣುತ್ತದೆ.

ನಾನು ಮಾಡುತ್ತಿರುವುದು ಆನೆಗುಂದಿ ಕಡೆಯ ಬಂಡೆಗಳು, ಕೆಳಗೆ ಬಾಳೆತೋಟ, ಇಳಿಬಿಸಿಲು. ಬಣ್ಣ ಚೆನ್ನಾಗಿಯೇ ಕೂರುತ್ತದೆ. ತೊಂದರೆ ಬರುವುದು ಕೊನೆಗೆ ಕೀಳುವಾಗ. ಹಾಳೆಯ ಮೇಲ್ಪದರ ನಾರುನಾರಾಗಿ ರಬ್ಬರ್ ಜೊತೆಗೇ ಎದ್ದು ಬರುತ್ತದೆ. ಎಲ್ಲ ಕಡೆ ಅಲ್ಲ, ಮೊಟ್ಟಮೊದಲು ಹಚ್ಚಿದ ಬಿಳಿ ಜಾಗಗಳಲ್ಲಿ ಮಾತ್ರ. ಅಂದರೆ ಚಿತ್ರದಲ್ಲಿ ಬೆಳಕು ಬೀಳುವ ಜಾಗಗಳೇ ಹಾಳು.

ಹಾಳೆ 300 ಜಿಎಸ್ಎಂ. ಸ್ಟೇಷನರಿ ಅಂಗಡಿಯ ಪ್ಯಾಡ್. ಪ್ರತಿ ಪದರ ಆದಮೇಲೆ ಮಾಳಿಗೆ ಮೇಲೆ ಇಟ್ಟು ಒಣಗಿಸುತ್ತೇನೆ. ಒಂದು ಚಿತ್ರಕ್ಕೆ ಒಂದು ವಾರ ಹಿಡಿಯುತ್ತದೆ, ಆಫೀಸ್ ಮುಗಿಸಿ ಬಂದು ಮಾಡಬೇಕಲ್ಲ. ಇದು ಹಾಳೆಯ ದೋಷವಾ, ಫ್ಲೂಯಿಡ್‌ದಾ?

ರಾಯಚೂರು_ಬಿಸಿಲು

ಮಾಳಿಗೆ ಮೇಲೆ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಈ ಬಿಸಿಲಲ್ಲಿ ರಬ್ಬರ್ ಹಾಳೆ ಬಿಟ್ಟು ಬರಲ್ಲ ರೀ.

ನೀರ್ಬಣ್ಣ_ಸಿರುಗುಪ್ಪ

ಬಿಸಿಲು ಒಂದು ಕಾರಣ, ವಾರ ಇನ್ನೊಂದು, ಪ್ಯಾಡ್ ಮೂರನೇದು. ಮೂರೂ ಸೇರಿವೆ.

ಮಾಸ್ಕಿಂಗ್ ಫ್ಲೂಯಿಡ್ ಹಾಳೆ ಮೇಲೆ ಎಷ್ಟು ಹೊತ್ತು ಕೂರುತ್ತದೋ ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಬಾಟಲಿ ಮೇಲೆಯೇ ಬರೆದಿರುತ್ತದೆ, ಬೇಗ ತೆಗೆಯಿರಿ ಅಂತ. ಶಾಖ ತಾಗಿದರೆ ಇನ್ನೂ ಬೇಗ ಹಿಡಿಯುತ್ತದೆ. ನಿಮ್ಮ ಬಿಳಿ ಜಾಗ ಮೊದಲ ದಿನದಿಂದ ಕೊನೇ ದಿನದವರೆಗೆ ಅಲ್ಲೇ ಇದೆ, ಪ್ರತಿ ಸಲ ಮಾಳಿಗೆ ಹತ್ತಿ ಇಳಿದಿದೆ. ನಡುವಿನ ಪದರದ್ದು ಒಂದೆರಡು ದಿನದ್ದು ಮಾತ್ರ. ಅದಕ್ಕೇ ಅವು ಸಲೀಸಾಗಿ ಬರುತ್ತಿವೆ.

ಇನ್ನು ಹಾಳೆ. 300 ಜಿಎಸ್ಎಂ ಅನ್ನುವುದು ತೂಕ ಅಷ್ಟೇ, ಗುಣ ಅಲ್ಲ. ಪ್ಯಾಡ್‌ಗಳಲ್ಲಿ ಬಹಳಷ್ಟು ಮರದ ತಿರುಳಿನವು. ಪೂರ್ತಿ ಹತ್ತಿಯ ಹಾಳೆಗೆ ನಾರು ಉದ್ದ, ಹಿಡಿತ ಜಾಸ್ತಿ. ಆರ್ಶಸ್, ಸಾಂಡರ್ಸ್ ವಾಟರ್‌ಫೋರ್ಡ್ ಇಂಥ ಬ್ರ್ಯಾಂಡ್ ಹಾಳೆಗಳಿಗೆ ಜೆಲಟಿನ್ ಸೈಜಿಂಗ್, ಅಂದರೆ ನೀರು ಬೇಗ ಹೀರದಂತೆ ಅಂಟಿನ ಲೇಪ ಕೊಟ್ಟಿರುತ್ತಾರೆ. ಆ ಸೈಜಿಂಗ್ ಇದ್ದರೆ ಫ್ಲೂಯಿಡ್ ಮೇಲೆಯೇ ನಿಲ್ಲುತ್ತದೆ, ನಾರಿನೊಳಗೆ ಇಳಿಯುವುದಿಲ್ಲ.

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ನನ್ನದು ಹಳೇ ಕಾಲದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಿಳಿ ಬಿಡುವುದು ಕೈಗೆ ಬರಬೇಕು. ರಬ್ಬರ್ ಹಚ್ಚಿ ಕಾಪಾಡಿಕೊಳ್ಳುವ ಬಿಳಿಗೆ ಜೀವ ಇರುವುದಿಲ್ಲ. ಅಂಚು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಬ್ರಷ್ ಸುತ್ತಾಡಿಸಿ ಬಿಟ್ಟ ಬಿಳಿಯನ್ನು ನೋಡಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ನಲವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ.

ಸಂಡೂರಿನ_ಕೆಂಪು

ಮಾಸ್ತರ್, ಬ್ರಷ್ ಸುತ್ತಾಡಿಸುವುದು ಬ್ರಷ್ ಇದ್ದಾಗ ಸರಿ. ಇವರು ಬಟ್ಟಲಿಂದ ಸುರಿಯುತ್ತಿದ್ದಾರೆ. ಹರಿಯುವ ನೀರಿಗೆ ಇಲ್ಲಿ ಬರಬೇಡ ಅಂತ ಹೇಗೆ ಹೇಳೋದು?

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ಅದಕ್ಕೇ ಕೇಳುತ್ತಿದ್ದೇನೆ, ಸುರಿಯುವುದು ಯಾಕೆ?

ನೀರ್ಬಣ್ಣ_ಸಿರುಗುಪ್ಪ

ಸುರಿದಾಗ ಹಾಳೆ ಮೇಲೆ ಆಗುವುದು ಬ್ರಷ್‌ನಿಂದ ಆಗಲ್ಲ ಸರ್, ಅದಕ್ಕೆ. ಮೂರೇ ಬಣ್ಣ ಇಟ್ಟುಕೊಳ್ಳಿ. ಹಳದಿ, ಗುಲಾಬಿ ಕೆಂಪು, ನೀಲಿ, ಮೂರೂ ಪಾರದರ್ಶಕ. ಬಟ್ಟಲಲ್ಲಿ ಬೆರೆಸುವ ಹಾಗಿಲ್ಲ. ಒದ್ದೆ ಹಾಳೆಯ ಒಂದು ಮೂಲೆಗೆ ಹಳದಿ, ಅದರ ಪಕ್ಕ ಕೆಂಪು, ಆ ತುದಿಗೆ ನೀಲಿ. ಹಲಗೆ ವಾಲಿಸಿದರೆ ಅವು ತಾವೇ ಒಂದರೊಳಗೊಂದು ಹೋಗುತ್ತವೆ. ಎಲ್ಲೋ ಕಿತ್ತಳೆ, ಎಲ್ಲೋ ನೇರಳೆ, ನಡುವೆ ಹೆಸರೇ ಇಲ್ಲದ ಒಂದು ಬೂದು. ಬ್ರಷ್ ಹಾಕಿ ತಿಕ್ಕದೆ ಇರುವುದರಿಂದ ಹಾಳೆಯ ಬಿಳುಪು ಒಳಗಿಂದ ಹೊಳೆಯುತ್ತದೆ. ಅದರ ಮೇಲೆ ಎರಡನೇ ಪದರ ಬಿದ್ದಾಗ ಕೆಳಗಿನದು ಕಾಣುತ್ತಲೇ ಇರುತ್ತದೆ.

ಆಮೇಲೆ ಇನ್ನೊಂದು. ನೀವು ಕೆ. ವೆಂಕಟಪ್ಪನವರ ಊಟಿ ಚಿತ್ರಗಳ ಬಗ್ಗೆ ಯಾವಾಗಲೂ ಬರೆಯುತ್ತೀರಿ. ಅವರು ಕಲಿತದ್ದು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ, ಅಲ್ವಾ? ಅವನೀಂದ್ರನಾಥರ ವಾಷ್ ಪದ್ಧತಿ ಏನು? ಬಣ್ಣ ಹಚ್ಚಿ, ಒಣಗಿಸಿ, ಇಡೀ ಹಾಳೆಯನ್ನು ನೀರಲ್ಲಿ ಅದ್ದಿ ತೆಗೆದು, ಮತ್ತೆ ಬಣ್ಣ. ಹಾಳೆ ಮುಳುಗಿಸುವುದು ನಡೆಯುತ್ತದೆ, ಸುರಿಯುವುದು ಮಾತ್ರ ನಡೆಯಲ್ಲ ಅಂದರೆ ಹೇಗೆ?

ಸುಮ್ನೆ_ಓದುವವ

ಅಕ್ಕ ಬಿಡಲ್ಲ ಇವತ್ತು 😄

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ಅದ್ದುತ್ತಿದ್ದರು, ನಿಜ. 1903ರ ಸುಮಾರಿಗೆ ಜಪಾನಿನಿಂದ ಬಂದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್‌ಸೋ ಅವರ ಕೆಲಸ ನೋಡಿ ಬಂದ ದಾರಿ ಅದು. ಆದರೆ ನೀರಿಗೆ ಹಾಕಿದ ಮೇಲೂ ಎಲ್ಲಿ ಎಷ್ಟು ಉಳಿಯಬೇಕು ಅನ್ನುವುದು ಬ್ರಷ್ ಹಿಡಿದವನ ಲೆಕ್ಕ. ರಬ್ಬರಿನ ಲೆಕ್ಕ ಅಲ್ಲ. ನನ್ನ ತಕರಾರು ನೀರಿನ ಮೇಲೆ ಅಲ್ಲ ತಾಯಿ, ರಬ್ಬರ್ ಮೇಲೆ.

ರಾಯಚೂರು_ಬಿಸಿಲು

ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಉಗುರಿಂದ ಹಾಳೆ ಕೆರೆದು ಬಿಳಿ ತೆಗೆಯುತ್ತಿದ್ದ. ಅದನ್ನು ಯಾರೂ ಮೋಸ ಅನ್ನಲ್ಲ.

ಲ್ಯಾಬ್_ಸಿಂಧನೂರು

ಕೆಮಿಸ್ಟ್ರಿ ಪಾಠ ಮಾಡುವವನು, ಚಿತ್ರ ಬರಲ್ಲ, ಮಗಳಿಗೋಸ್ಕರ ಈ ಗುಂಪಿನಲ್ಲಿದ್ದೇನೆ. ಈ ಫ್ಲೂಯಿಡ್ ಬೇರೇನಲ್ಲ, ರಬ್ಬರ್ ಮರದ ಹಾಲು, ಕೆಡದ ಹಾಗೆ ಅಮೋನಿಯಾ ಹಾಕಿದ್ದು. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವುದು ಅದೇ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಲ್ಯಾಟೆಕ್ಸ್ ಅಲರ್ಜಿ ಇರುವವರು ಮುಟ್ಟಲೇಬೇಡಿ.

ಆನೆಗುಂದಿಯವರೇ, ಬಾಟಲಿ ಗಟ್ಟಿಯಾಗಿದ್ದರೆ ನೀರು ಬೆರೆಸುತ್ತೀರಾ? ಯಾವ ನೀರು?

ಆನೆಗುಂದಿ_ಬಂಡೆ

ಬೆರೆಸುತ್ತೇನೆ ಸರ್, ಸ್ವಲ್ಪ. ಬೋರ್ ನೀರು. ಹಾಕಿದ ತಕ್ಷಣ ಸಣ್ಣ ಸಣ್ಣ ಗಂಟು ಆಗುತ್ತವೆ, ಸೋಸಿ ಬಳಸುತ್ತೇನೆ. ಬಾಟಲಿ ಹಳೇದು ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ಲ್ಯಾಬ್_ಸಿಂಧನೂರು

ಅಂದಾಜು ಮಾಡಿದ್ದೆ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ಪಾತ್ರೆಯ ಬಿಳಿ ಪೊರೆ ನೋಡಿದವರಿಗೆಲ್ಲ ಗೊತ್ತು. ರಬ್ಬರ್ ಹಾಲಿನಲ್ಲಿ ರಬ್ಬರ್ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಕಣಗಳೆಲ್ಲಕ್ಕೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ಬಂತೋ, ಆ ತಳ್ಳಾಟ ನಿಂತು ಕಣಗಳು ಕೂಡಿಕೊಂಡು ಗಂಟಾಗುತ್ತವೆ. ರಬ್ಬರ್ ಕೈಗವಸು ಮಾಡುವ ಕಾರ್ಖಾನೆಯಲ್ಲಿ ಇದನ್ನೇ ಬೇಕಂತ ಮಾಡುತ್ತಾರೆ. ಕೈ ಆಕಾರದ ಅಚ್ಚನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಅದ್ದಿ ಆಮೇಲೆ ಲ್ಯಾಟೆಕ್ಸ್‌ನಲ್ಲಿ ಅದ್ದುವುದು. ಅಚ್ಚಿನ ಸುತ್ತ ಅಲ್ಲೇ ಹೆಪ್ಪುಗಟ್ಟುತ್ತದೆ.

ಹಾಗಾಗಿ ನೀರು ಬೆರೆಸಲೇಬೇಕು ಅಂದರೆ ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಅದೇ. ಕೆಲವು ಹನಿ ಸಾಕು. ಬ್ಯಾಟರಿ ಅಂಗಡಿಯಲ್ಲಿ ಪಕ್ಕದಲ್ಲೇ ಆಸಿಡ್ ಕ್ಯಾನ್ ಇರುತ್ತದೆ, ಹುಷಾರು. ಆಸಿಡ್ ಬಿದ್ದರೂ ಲ್ಯಾಟೆಕ್ಸ್ ಹೆಪ್ಪುಗಟ್ಟುತ್ತದೆ, ಕೈ ಸುಡುವುದು ಬೇರೆ.

ನೀರ್ಬಣ್ಣ_ಸಿರುಗುಪ್ಪ

ಸರ್, ಇದು ನನಗೂ ಹೊಸದು. ಬಾಟಲಿ ಕುಲುಕಬಾರದು ಅಂತ ಗೊತ್ತಿತ್ತು, ಗುಳ್ಳೆ ಏಳುತ್ತವೆ, ಗುಳ್ಳೆ ಒಡೆದ ಕಡೆ ಬಣ್ಣ ನುಗ್ಗಿ ಚುಕ್ಕೆ ಬೀಳುತ್ತದೆ. ನೀರಿನ ಸಂಗತಿ ಗೊತ್ತಿರಲಿಲ್ಲ. ಹಾಗಾದರೆ ಬಣ್ಣಕ್ಕೂ ಫಿಲ್ಟರ್ ನೀರೇ ಒಳ್ಳೆಯದಾ?

ಲ್ಯಾಬ್_ಸಿಂಧನೂರು

ಬಣ್ಣದ ಪುಡಿಯೂ ನೀರಲ್ಲಿ ತೇಲುವ ಕಣಗಳೇ ಅಲ್ವಾ? ಗಡಸು ನೀರಲ್ಲಿ ಅವೂ ಗುಂಪುಗೂಡಬಹುದು, ಹಾಳೆ ಮೇಲೆ ಮರಳುಮರಳಾಗಿ ಕೂರಬಹುದು. ಅದು ಬೇಕೋ ಬೇಡವೋ ನೀವು ಹೇಳಬೇಕು.

ಸಂಡೂರಿನ_ಕೆಂಪು

ಬಂಡೆ ಬರೆಯುವವರಿಗೆ ಬೇಕೇ ಬೇಕು. ನಾನು ಅಲ್ಟ್ರಾಮರೀನ್ ನೀಲಿ ಬಳಸುವುದೇ ಅದು ಮರಳಾಗಿ ಕೂರುತ್ತದೆ ಅಂತ. ಒಂದು ಎಚ್ಚರ, ಅಲ್ಟ್ರಾಮರೀನ್ ಬಟ್ಟಲ ತಳಕ್ಕೂ ಇಳಿದುಬಿಡುತ್ತದೆ. ಸುರಿಯುವ ಮುಂಚೆ ಕದಡಬೇಕು. ಇಲ್ಲಾಂದ್ರೆ ಮೊದಲು ಬರೀ ನೀರು, ಕೊನೆಗೆ ಗೊಜ್ಜು.

ನಮ್ಮೂರಲ್ಲಿ ಸಮಸ್ಯೆ ಬೇರೆ. ಅದಿರಿನ ಧೂಳು. ಒದ್ದೆ ಹಾಳೆಯನ್ನು ಹೊರಗೆ ಇಟ್ಟರೆ ದುಡ್ಡು ಕೊಡದೆ ಒಂದು ಕೆಂಪು ಪದರ ಹೆಚ್ಚಿಗೆ ಸಿಗುತ್ತದೆ. ಈಗ ಒಣಗಿಸುವುದು ಒಳಗೆ, ಫ್ಯಾನ್ ಕೂಡ ಮೆಲ್ಲಗೆ.

ಹೊಸಪೇಟೆ_ಚಾನೆಲ್

ಇಷ್ಟೆಲ್ಲ ಯಾಕ್ರೀ. ಸೈಕಲ್ ಅಂಗಡಿಯ ಪಂಕ್ಚರ್ ಸೊಲ್ಯೂಷನ್ ತಗೊಳ್ಳಿ. ಅದೂ ರಬ್ಬರ್ರೇ. ಕಾಲು ಭಾಗ ಬೆಲೆಗೆ ಕೆಲಸ ಆಗುತ್ತೆ.

ರಾಯಚೂರು_ಬಿಸಿಲು

ಅದು ದಾರದ ಹಾಗೆ ಎಳೆಯುತ್ತದೆ, ಸಣ್ಣ ಗೆರೆ ಬರಲ್ಲ.

ಹೊಸಪೇಟೆ_ಚಾನೆಲ್

ಸಣ್ಣ ಗೆರೆ ಯಾರಿಗೆ ಬೇಕು, ಆಕಾಶದಲ್ಲಿ ಮೋಡ ಬಿಡೋಕೆ ಸಾಕು.

ಲ್ಯಾಬ್_ಸಿಂಧನೂರು

ಬಣ್ಣಕ್ಕೆ ತಡೆ ಆಗುತ್ತದೆ ಅನ್ನುವುದು ನಿಜ. ಆದರೆ ಅದರಲ್ಲಿ ರಬ್ಬರ್ ಕರಗಿರುವುದು ಪೆಟ್ರೋಲ್ ಜಾತಿಯ ದ್ರಾವಕದಲ್ಲಿ. ಬೆಂಕಿ ಹತ್ತುತ್ತದೆ. ಮುಚ್ಚಿದ ಕೋಣೆಯಲ್ಲಿ ಮೂಸಿಕೊಂಡು ಕೂರುವ ವಸ್ತು ಅಲ್ಲ. ಬಹಳ ದಿನ ಬಿಟ್ಟರೆ ಹಾಳೆ ಮೇಲೆ ಎಣ್ಣೆಯಂಥ ಹಳದಿ ಕಲೆ ಬಿಡುತ್ತದೆ. ಮಕ್ಕಳ ಕೈಗೆ ಅಂತೂ ಕೊಡಬೇಡಿ.

ಕಿನ್ನಾಳದ_ಮೊಮ್ಮಗ

ಹಂಗಾದ್ರೆ ಹುಣಸೆ ಬೀಜದ ಅಂಟು? ನಮ್ಮ ಅಜ್ಜಿ ಮನೆ ಕಿನ್ನಾಳ. ಅಲ್ಲಿ ಗೊಂಬೆ ಮಾಡುವ ಚಿತ್ರಗಾರರ ಮನೆಗಳಲ್ಲಿ ಹುಣಸೆ ಬೀಜದ ಅಂಟಿಲ್ಲದೆ ಏನೂ ನಡೆಯಲ್ಲ. ಅದನ್ನೇ ದಪ್ಪಗೆ ಹಚ್ಚಿ ಮೇಲೆ ಬಣ್ಣ ಸುರಿದರೆ?

ನೀರ್ಬಣ್ಣ_ಸಿರುಗುಪ್ಪ

ನೀರು ಬಿದ್ದರೆ ಅದು ಮೆತ್ತಗಾಗಿ ಬಣ್ಣದ ಜೊತೆ ಹರಿದು ಹೋಗುತ್ತದಪ್ಪಾ. ಸುರಿಯುವ ಕೆಲಸಕ್ಕೆ ನೀರಿಗೆ ಜಗ್ಗದ್ದೇ ಬೇಕು. ಮೇಣ ಜಗ್ಗಲ್ಲ, ಆದರೆ ಆಮೇಲೆ ಪೂರ್ತಿ ತೆಗೆಯೋಕೆ ಬರಲ್ಲ. ಮೇಣದಬತ್ತಿ ತಿಕ್ಕಿದ ಜಾಗ ಕೊನೆಯವರೆಗೂ ಹಾಗೇ. ತುಂಗಭದ್ರೆ ನೀರಿನ ಮಿಂಚಿಗೆ ಚೆನ್ನಾಗಿರುತ್ತದೆ, ಒಂದೇ ಸಲ, ಹಿಂದೆ ಬರುವ ದಾರಿ ಇಲ್ಲ.

ಆದರೆ ಕಿನ್ನಾಳದ ಕೆಲಸದ ಬಗ್ಗೆ ಇನ್ನಷ್ಟು ಬರಿ, ನೋಡಿದವರು ಕಡಿಮೆ.

ಕಿನ್ನಾಳದ_ಮೊಮ್ಮಗ

ನಾನು ಮಾಡುವವನಲ್ಲ ಅಕ್ಕ, ನೋಡಿ ಬೆಳೆದವನು. ಹಗುರ ಮರ. ಕೈ ಕಾಲು ತಲೆ ಬೇರೆ ಬೇರೆ ಮಾಡಿ ಕೂಡಿಸುತ್ತಾರೆ. ಗೋಣಿ ನಾರನ್ನು ನೆನೆಸಿ, ಸಣ್ಣಗೆ ಮಾಡಿ, ಒಣಗಿಸಿ ಪುಡಿ ಮಾಡಿ ಹುಣಸೆ ಬೀಜದ ಅಂಟಿಗೆ ಕಲಸಿದರೆ ಕಿಟ್ಟ ಆಗುತ್ತದೆ. ಸಂದುಗಳಿಗೆ ಅದೇ ತುಂಬುವುದು. ಒಡವೆ ಉಬ್ಬಿ ಕಾಣೋಕೆ ಕಲ್ಲಿನ ಪುಡಿ ಅಂಟಿನಲ್ಲಿ ಕಲಸಿ ಹನಿ ಹನಿ ಇಡುತ್ತಾರೆ. ಆ ಹನಿ ಇಡುವ ಕೈ ನೋಡಬೇಕು ನೀವು. ಉಸಿರು ಬಿಗಿ ಹಿಡಿದು, ಒಂದರ ಪಕ್ಕ ಒಂದು, ಎಲ್ಲಾ ಒಂದೇ ಅಳತೆ. ಬಣ್ಣ ಅದಾದ ಮೇಲೆ.

ಮಾಸ್ಕಿಂಗ್ ಅಂತೂ ಕಂಡಿಲ್ಲ. ಅವರಿಗೆ ಬಿಳಿ ಬೇಕಿದ್ದರೆ ಬಿಳಿ ಹಚ್ಚುತ್ತಾರೆ, ಮುಗೀತು.

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ಕಿನ್ನಾಳದ ಮಾತು ಬಂದದ್ದು ಸಂತೋಷ. ಹಂಪಿ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದ್ದೀರಲ್ಲ, ಆ ಚಾವಣಿ ಚಿತ್ರಗಳಿಗೂ ಈ ಮನೆತನಗಳ ಹಿರಿಯರಿಗೂ ಸಂಬಂಧ ಇದೆ ಎಂದು ಹೇಳುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಬಣ್ಣದ ಕೆಲಸ ಹೊಸದೇನಲ್ಲ. ಸಂಡೂರಿನ ವಿ. ಟಿ. ಕಾಳೆಯವರ ಲಂಬಾಣಿ ಚಿತ್ರಗಳನ್ನು ನಿಮ್ಮಲ್ಲಿ ಎಷ್ಟು ಜನ ಹತ್ತಿರ ನಿಂತು ನೋಡಿದ್ದೀರಿ?

ಸಂಡೂರಿನ_ಕೆಂಪು

ನೋಡಿದ್ದೇವೆ ಮಾಸ್ತರ್, ನಮ್ಮೂರವರು. ಆದರೆ ವಿಷಯ ಎಲ್ಲಿಗೋ ಹೋಯ್ತು. ಆನೆಗುಂದಿಯವರು ಪಾಪ ಕಾಯ್ತಾ ಇದ್ದಾರೆ.

ಆನೆಗುಂದಿ_ಬಂಡೆ

ಕಾಯ್ತಾ ಕೂತಿಲ್ಲ, ಪರೀಕ್ಷೆ ಮಾಡುತ್ತಿದ್ದೆ. ಅದೇ ಪ್ಯಾಡ್‌ನ ಪಟ್ಟಿಗಳನ್ನು ಕತ್ತರಿಸಿ ಮಾಸ್ಕಿಂಗ್ ಹಚ್ಚಿದೆ. ಕೆಲವು ಮಾಳಿಗೆ ಮೇಲೆ, ಕೆಲವು ನಡುಮನೆಯಲ್ಲಿ. ಜೊತೆಗೆ ಗೆಳೆಯನ ಹತ್ತಿರ ಇದ್ದ ಹತ್ತಿ ಹಾಳೆಯ ತುಂಡೂ ಇಟ್ಟೆ.

ನಡುಮನೆಯದು ಮರುದಿನ ಬೆರಳಲ್ಲಿ ತಿಕ್ಕಿದರೆ ಸುರುಳಿಯಾಗಿ ಬಂತು, ಹಾಳೆಗೆ ಏನೂ ಆಗಿಲ್ಲ. ಮಾಳಿಗೆಯದು ಎಳೆದಾಗ ಮೇಲಿನ ಪೊರೆ ಸಮೇತ ಬಂತು. ಬಂದ ರಬ್ಬರ್ ತುಂಡಿನ ಹಿಂಬದಿ ನೋಡಿದರೆ ಬಿಳಿ ನಾರು ಅಂಟಿಕೊಂಡಿದೆ, ಹತ್ತಿ ಬಟ್ಟೆಯ ಜುಂಗಿನ ಥರ. ಗೆಳೆಯನ ಹತ್ತಿ ಹಾಳೆ ಬಿಸಿಲಲ್ಲಿದ್ದರೂ ಹರಿಯಲಿಲ್ಲ, ಆದರೆ ಎಳೆಯೋಕೆ ಬಲ ಬೇಕಾಯ್ತು, ಸ್ವಲ್ಪ ಹಳದಿ ನೆರಳೂ ಉಳಿದಿದೆ.

ಆದರೆ ಹಳೇ ಪ್ರಶ್ನೆ ಹಾಗೇ ಇದೆ. ನೆರಳಲ್ಲಿ ಒಣಗಿಸಿದರೂ ನನ್ನದು ಒಂದು ವಾರದ ಕೆಲಸ.

ರಾಯಚೂರು_ಬಿಸಿಲು

ವಾರ ಯಾಕೆ ಬೇಕು? ನಮ್ಮ ಕಡೆ ಗಾಳಿಯಲ್ಲೇ ಪಸೆ ಇಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನೆರಳಲ್ಲಿ ಇಟ್ಟ ಹಾಳೆ ಕೂಡ ಊಟ ಮುಗಿಸುವಷ್ಟರಲ್ಲಿ ಒಣಗಿರುತ್ತೆ. ಭಾನುವಾರ ಬೆಳಿಗ್ಗೆ ಬೇಗ ಎದ್ದು ಮೊದಲ ಸುರಿತ, ಹನ್ನೊಂದರ ಹೊತ್ತಿಗೆ ಎರಡನೇದು, ಮಧ್ಯಾಹ್ನ ಮೂರನೇದು. ರಾತ್ರಿ ಊಟಕ್ಕೆ ಮುಂಚೆ ಎಲ್ಲ ಕಿತ್ತು ಹಾಕಬಹುದು. ವಾರದ ದಿನಗಳಲ್ಲಿ ಡ್ರಾಯಿಂಗ್ ಮಾತ್ರ ಮಾಡಿಟ್ಟುಕೊಳ್ಳಿ. ಬಿಸಿಲಿನ ಊರಲ್ಲಿ ಇರುವುದಕ್ಕೆ ಇದೊಂದೇ ಲಾಭ, ಅದನ್ನೂ ಬಿಟ್ಟರೆ ಹೇಗೆ?

ಉಡುಪಿಯಲ್ಲಿ_ಕೊಪ್ಪಳದವ

ನಿಜ ಹೇಳ್ತೀನಿ, ಹೊಟ್ಟೆ ಉರಿಯುತ್ತೆ. ಇಲ್ಲಿ ಮಳೆಗಾಲದಲ್ಲಿ ಬೆಳಿಗ್ಗೆ ಸುರಿದದ್ದು ಮರುದಿನವೂ ತಣ್ಣಗೆ. ಸೈಜಿಂಗ್ ಕೂಡ ಈ ಪಸೆಗೆ ಸತ್ತು ಹೋಗುತ್ತೆ. ಬಣ್ಣ ಹಾಕಿದರೆ ಅಲ್ಲಲ್ಲಿ ಗಾಢ ಚುಕ್ಕೆ, ಒರೆಸುವ ಕಾಗದದಲ್ಲಿ ಇಂಗಿದಂತೆ.

ನೀರ್ಬಣ್ಣ_ಸಿರುಗುಪ್ಪ

ರಾಯಚೂರಿನವರ ಲೆಕ್ಕ ಸರಿ, ಒಂದು ಷರತ್ತು. ಒಣಗಿದೆ ಅಂತ ಕಣ್ಣಿಗೆ ಕಂಡರೆ ಸಾಲದು. ಕೈಯ ಹಿಂಬದಿ ಹಾಳೆಗೆ ತಾಗಿಸಿ. ತಂಪು ಅನ್ನಿಸಿದರೆ ಒಳಗೆ ಇನ್ನೂ ಪಸೆ ಇದೆ. ಆ ಪಸೆ ಮೇಲೆ ಮಾಸ್ಕಿಂಗ್ ಹಚ್ಚಿದರೆ ನಾರಿನೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನೆರಳಲ್ಲಿ ಇಟ್ಟರೂ ಹಾಳೆ ಹರಿಯುವುದೇ. ಹೇರ್ ಡ್ರೈಯರ್ ಹಿಡಿಯುವವರು ತಣ್ಣನೆ ಗಾಳಿಯಲ್ಲಿ ಹಿಡಿಯಿರಿ.

ಒಂದೇ ದಿನದಲ್ಲಿ ಮುಗಿಯಬೇಕು ಅಂದರೆ ಯೋಚನೆ ಮೊದಲೇ ಮುಗಿದಿರಬೇಕು. ಫೋಟೋವನ್ನು ಮೊಬೈಲಲ್ಲಿ ಕಪ್ಪುಬಿಳುಪು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ಬಿಳಿ, ತಿಳಿ, ನಡು, ಗಾಢ ಅಂತ ನಾಲ್ಕು ಭಾಗ ಮಾಡಿ ಸಣ್ಣ ನಕ್ಷೆ ಬರೆದು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾಕಂದ್ರೆ ಎರಡನೇ ಸುರಿತ ಆದಮೇಲೆ ಹಾಳೆ ತುಂಬಾ ರಬ್ಬರ್ ಮತ್ತು ಬಣ್ಣ. ಯಾವುದು ಬಂಡೆ, ಯಾವುದು ಬಾಳೆ ಎಲೆ ಒಂದೂ ತಿಳಿಯಲ್ಲ. ಆಗ ನಕ್ಷೆ ಒಂದೇ ದಿಕ್ಕು. ಪೆನ್ಸಿಲ್ ಗೆರೆ ಸ್ವಲ್ಪ ಒತ್ತಿಯೇ ಹಾಕಿ, ರಬ್ಬರ್ ಕೀಳುವಾಗ ಗೆರೆಯೂ ಅರ್ಧ ಹೋಗುತ್ತದೆ.

ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಅದಕ್ಕೆ ಬಟ್ಟಲಲ್ಲಿ ಸ್ವಲ್ಪ ಜಾಸ್ತಿಯೇ ಕಲಸಿ. ಮೊದಲ ಪದರಕ್ಕೆ ನಾಲ್ಕೈದು ಚಮಚ ನೀರಿಗೆ ಕಡಲೆಕಾಳಿನಷ್ಟು. ಕೊನೆಯದಕ್ಕೆ ಅದರ ಮೂರ್ನಾಲ್ಕು ಪಟ್ಟು. ಥಾಲೋ ನೀಲಿ ಇದ್ದರೆ ಅರ್ಧವೇ ಸಾಕು, ಅದು ಎಲ್ಲರನ್ನೂ ನುಂಗುವ ಬಣ್ಣ.

ಸುಮ್ನೆ_ಓದುವವ

ಸುರಿದ ನೀರೆಲ್ಲ ಎಲ್ಲಿಗೆ ಹೋಗುತ್ತೆ? ನಮ್ಮ ಮನೇಲಿ ಹಾಸುಗಲ್ಲಿನ ನೆಲ, ನೀಲಿ ಬಿದ್ದರೆ ನನ್ನನ್ನೂ ಹೊರಗೆ ಹಾಕ್ತಾರೆ.

ಸಂಡೂರಿನ_ಕೆಂಪು

ಬಚ್ಚಲಲ್ಲಿ ಮಾಡಿ. ಅಥವಾ ದೊಡ್ಡ ಪರಾತದ ಮೇಲೆ ಹಲಗೆ ಹಿಡಿದು ಒಂದು ಮೂಲೆಯಿಂದ ಬಸಿಯಿರಿ. ಬಸಿದ ಮೇಲೆ ಅಂಚಿನಲ್ಲಿ ನಿಂತ ನೀರನ್ನು ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಅದನ್ನು ಬಿಟ್ಟರೆ ಹಾಳೆ ಅರ್ಧ ಒಣಗಿದಾಗ ಆ ನೀರು ವಾಪಸ್ ನುಗ್ಗಿ ಅಂಕುಡೊಂಕು ಕಲೆ ಮಾಡುತ್ತೆ. ಹಾಳೆಯನ್ನು ಮೊದಲೇ ನೆನೆಸಿ ಹಲಗೆಗೆ ಸ್ಟೇಪ್ಲರ್ ಹೊಡೆದಿರಬೇಕು, ಇಲ್ಲಾಂದ್ರೆ ಉಬ್ಬಿ ಬಣ್ಣವೆಲ್ಲ ತಗ್ಗಿಗೆ ಹೋಗಿ ಕೂರುತ್ತೆ.

ರಬ್ಬರ್ ಮೇಲೆ ನಿಂತ ಬಣ್ಣದ ಹನಿಗಳನ್ನೂ ಮರೀಬೇಡಿ. ಒಣಗುವ ಮುಂಚೆ ಟಿಶ್ಯೂ ತುದಿಯಿಂದ ಹೀರಿ. ಕೀಳುವಾಗ ಅದೇ ಬಣ್ಣ ಬೆರಳಿಗೆ ಬಂದು, ಅಷ್ಟು ಕಾಪಾಡಿದ ಬಿಳಿಗೇ ಮೆತ್ತುತ್ತದೆ.

ಹೊಸಪೇಟೆ_ಚಾನೆಲ್

ಶಾಲೆ ಮಕ್ಕಳ ಟ್ಯೂಬ್ ಬಣ್ಣ ನಡೆಯುತ್ತಾ? ಅದಕ್ಕೂ ಏನಾದರೂ ತಕರಾರು ಇದೆಯಾ?

ನೀರ್ಬಣ್ಣ_ಸಿರುಗುಪ್ಪ

ಇದೆ 😊 ಅಗ್ಗದ ಟ್ಯೂಬಲ್ಲಿ ಬಿಳಿ ಪುಡಿ ಬೆರೆಸಿರುತ್ತಾರೆ. ಒಂದು ಪದರಕ್ಕೆ ಪರವಾಗಿಲ್ಲ, ಮೂರನೇದಕ್ಕೆ ಸುಣ್ಣ ಬಳಿದಂತೆ ಮಂಕಾಗುತ್ತದೆ. ಕ್ಯಾಡ್ಮಿಯಂ ಹಳದಿ ದುಬಾರಿಯಾದರೂ ಅಪಾರದರ್ಶಕ, ಅದೂ ಬೇಡ. ಟ್ಯೂಬ್ ಹಿಂದೆ ಪಿಗ್ಮೆಂಟ್ ಸಂಖ್ಯೆ ನೋಡಿ. ಹಳದಿಗೆ ಪಿವೈ 150, ಗುಲಾಬಿಗೆ ಪಿವಿ 19, ನೀಲಿಗೆ ಪಿಬಿ 15 ಅಥವಾ ಪಿಬಿ 29. ಹಳೇ ಕಾಲದ ಪೋರಿಂಗ್ ಪಾಠಗಳಲ್ಲಿ ಆರಿಯೋಲಿನ್ ಹಳದಿ ಹೇಳಿರುತ್ತಾರೆ, ಪಿವೈ 40. ಸುರಿದಾಗ ಚಂದ, ಆದರೆ ಬೆಳಕಿಗೆ ಮಂಕಾಗಿ ಕಂದು ತಿರುಗುತ್ತದೆ. ಅಲಿಜರಿನ್ ಕ್ರಿಮ್ಸನ್, ಪಿಆರ್ 83, ಅದೂ ಬಿಸಿಲಿಗೆ ನಿಲ್ಲಲ್ಲ.

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ಇದರಲ್ಲಿ ನಾನು ನಿಮ್ಮ ಕಡೆ. ಬಣ್ಣ ಕೊಂಡ ಕೂಡಲೇ ಒಂದು ಪಟ್ಟಿಗೆ ಹಚ್ಚಿ, ಅರ್ಧ ಭಾಗ ದಪ್ಪ ರಟ್ಟಿನಿಂದ ಮುಚ್ಚಿ ತೆಂಕಣ ಕಿಟಕಿಗೆ ಅಂಟಿಸಿಡಿ. ಬಳ್ಳಾರಿ ಬಿಸಿಲು ಯಾವ ಕಂಪನಿಯ ಮಾತನ್ನೂ ಕೇಳುವುದಿಲ್ಲ.

ಅಂಚಿನ ಮಾತಿಗೆ ಮಾತ್ರ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ನೀರ್ಬಣ್ಣ_ಸಿರುಗುಪ್ಪ

ಕೊಡುತ್ತೇನೆ. ರಬ್ಬರ್ ಬಿಟ್ಟ ಅಂಚು ಗಡುಸು, ಒಪ್ಪುತ್ತೇನೆ. ಬಂಡೆಯ ಬಿರುಕಿಗೆ, ಬಾಳೆ ಎಲೆಯ ತುದಿಗೆ ಗಡುಸು ಅಂಚೇ ಬೇಕು. ಬೇಡದ ಕಡೆ, ಎಲ್ಲ ಕಿತ್ತ ಮೇಲೆ ಗಟ್ಟಿ ಕೂದಲಿನ ಸಣ್ಣ ಬ್ರಷ್ ಒದ್ದೆ ಮಾಡಿ, ಹಿಂಡಿ, ಅಂಚನ್ನು ಮೆಲ್ಲಗೆ ಉಜ್ಜಿ ಟಿಶ್ಯೂ ಒತ್ತಿದರೆ ಕರಗುತ್ತದೆ. ಥಾಲೋ ನೀಲಿ ಹಾಕಿದ ಕಡೆ ಕರಗಲ್ಲ, ಅದು ಹಾಳೆಗೇ ಹಿಡಿದುಬಿಡುತ್ತದೆ. ಅಂಚು ಮೃದು ಬೇಕಾದ ಚಿತ್ರಕ್ಕೆ ನಾನು ಅಲ್ಟ್ರಾಮರೀನ್ ತೆಗೆದುಕೊಳ್ಳುವುದು ಅದಕ್ಕೇ.

ಬಳ್ಳಾರಿ_ಡ್ರಾಯಿಂಗ್_ಮಾಸ್ತರ್

ಅಂದರೆ ರಬ್ಬರ್ ಮಾಡಿದ್ದನ್ನು ಕೊನೆಗೆ ಬ್ರಷ್ ಬಂದು ಸರಿ ಮಾಡಬೇಕು.

ನೀರ್ಬಣ್ಣ_ಸಿರುಗುಪ್ಪ

ಬ್ರಷ್ ಬೇಡ ಅಂತ ನಾನು ಯಾವಾಗ ಹೇಳಿದೆ ಸರ್?

ಆನೆಗುಂದಿ_ಬಂಡೆ

ಬ್ರಷ್ ಮಾತು ಬಂತಲ್ಲ, ಒಂದು ಕೇಳುತ್ತೇನೆ. ಮಾಸ್ಕಿಂಗ್ ಹಚ್ಚಿದ ಬ್ರಷ್ ಎಲ್ಲ ಕಲ್ಲಾಗುತ್ತಿವೆ. ಸೋಪು ಹಚ್ಚಿ ಅದ್ದಿದರೂ ಅಷ್ಟೇ.

ರಾಯಚೂರು_ಬಿಸಿಲು

ಬೋರ್ ನೀರಲ್ಲಿ ಸೋಪು ನೊರೆಯೇ ಬರಲ್ಲ, ಕೂದಲಿಗೆ ಹೇಗೆ ಹಿಡಿಯುತ್ತೆ? ಫಿಲ್ಟರ್ ನೀರಲ್ಲಿ ಸೋಪು ಕಲಸಿ, ಕೂದಲ ಬುಡದವರೆಗೆ ತುಂಬಿ, ಆಮೇಲೆ ಅದ್ದಿ. ಐದಾರು ಗೀಟು ಎಳೆದ ತಕ್ಷಣ ತೊಳೆದು ಮತ್ತೆ ಸೋಪು. ಒಳ್ಳೇ ಬ್ರಷ್ ಹತ್ತಿರಕ್ಕೂ ತರಬೇಡಿ. ಸಣ್ಣ ಗೆರೆಗೆ ಅದ್ದಿ ಬರೆಯುವ ಪೆನ್ ನಿಬ್ ಸಾಕು, ಒಣಗಿದ ಮೇಲೆ ಚಿವುಟಿದರೆ ರಬ್ಬರ್ ಬಿಟ್ಟು ಬರುತ್ತೆ.

ಆನೆಗುಂದಿ_ಬಂಡೆ

ಆಯ್ತು. ಈ ಭಾನುವಾರ ಒಂದೇ ದಿನದಲ್ಲಿ ಮುಗಿಸಿ ನೋಡುತ್ತೇನೆ, ಹತ್ತಿ ಹಾಳೆ, ನಡುಮನೆ, ಡಿಸ್ಟಿಲ್ಡ್ ವಾಟರ್. ಪೂರ್ತಿ ಹಾಳೆ ಒಂದೊಂದೇ ತರಿಸಿದರೆ ಕೊರಿಯರ್ ಖರ್ಚೇ ಜಾಸ್ತಿ. ಗಂಗಾವತಿ, ಕಾರಟಗಿ, ಸಿರುಗುಪ್ಪ ಕಡೆಯವರು ಯಾರಾದರೂ ಸೇರುತ್ತೀರಾ, ಹತ್ತು ಹಾಳೆ ಒಟ್ಟಿಗೆ ತರಿಸೋಣ?

ನೀರ್ಬಣ್ಣ_ಸಿರುಗುಪ್ಪ

ನನಗೆ ಮೂರು. ಕೋಲ್ಡ್ ಪ್ರೆಸ್ (ಸ್ವಲ್ಪ ತರಿಯದು) ಇರಲಿ, ರಫ್ (ತುಂಬಾ ಒರಟು) ಬೇಡ. ರಫ್‌ನ ಗುಂಡಿಗಳಲ್ಲಿ ರಬ್ಬರ್ ಕೂತುಬಿಡುತ್ತದೆ.

ಸುಮ್ನೆ_ಓದುವವ

ನನಗೂ ಒಂದು. ಬಚ್ಚಲಲ್ಲಿ ಮಾಡ್ತೀನಿ.